ಸಮಾಜ ಮಾಸ್ತರರೇ, ನಿಮ್ಮ ಗುರಿಪಟ್ಟಿಯಲ್ಲಿ ಸಮಾಜ ಎಲ್ಲಿದೆ?

ಕಳೆದ ತಿಂಗಳು ನಮ್ಮ ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕರ ಸಂಘದ ಸಭೆಗೆ ವರದಿ ಮಾಡಲು ಹೋಗಿದ್ದೆ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆ ಅಂದ್ಕೊಳ್ಳಿ, ಹೆಸರು ಬೇಡ. ಶಾಲು, ಹಾರ, ಸ್ಮರಣಿಕೆ ಎಲ್ಲ ಮುಗಿಯುವಾಗ ಮಧ್ಯಾಹ್ನ ಒಂದೂವರೆ. ಊಟಕ್ಕೆ ಏಳುವ ಹೊತ್ತಿಗೆ ಒಂದು ಹಾಳೆ ಹಂಚಿದರು. ಮೇಲೆ ದಪ್ಪಕ್ಷರದಲ್ಲಿ 'ಮುಂದಿನ ಐದು ವರ್ಷದ ಗುರಿಗಳು – ಕರಡು'. ಕೆಳಗೆ ಹಳೆ ಪಿಂಚಣಿ, ವರ್ಗಾವಣೆ, ಬಡ್ತಿ, ಸಂಘಕ್ಕೊಂದು ನಿವೇಶನ, ನೂರಕ್ಕೆ ನೂರು ಫಲಿತಾಂಶ, ಪಾಸಿಂಗ್ ಪ್ಯಾಕೇಜ್.

ಪತ್ರಿಕೆಗೆ ನಾಲ್ಕು ಸಾಲು ಸುದ್ದಿ, ಒಂದು ಗ್ರೂಪ್ ಫೋಟೋ ಕಳಿಸಿದೆ. ಅಲ್ಲಿ ಹಿಡಿಸದ್ದನ್ನು ಇಲ್ಲಿ ಬರೀತಿದ್ದೀನಿ.

ಪಿಂಚಣಿ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಅದನ್ನು ಕೇಳಲು ನೌಕರರ ಸಂಘ ಇದೆ, ಶಿಕ್ಷಕರ ಸಂಘ ಇದೆ. ಗಣಿತದವರೂ ಅದನ್ನೇ ಕೇಳ್ತಾರೆ, ಪಿಟಿ ಮಾಸ್ತರರೂ ಅದನ್ನೇ ಕೇಳ್ತಾರೆ. ಒಂದು ವಿಷಯದ ಹೆಸರಲ್ಲಿ ಸಂಘ ಕಟ್ಟಿದ ಮೇಲೆ ಆ ವಿಷಯಕ್ಕೆ ಒಂದಾದರೂ ಗುರಿ ಬೇಡವೇ?

ಫಲಿತಾಂಶವೇ ವಿಷಯದ ಗುರಿ ಅಲ್ವೇನ್ರಿ ಅಂತ ಒಬ್ಬರು ಕೇಳಿದರು. ಒತ್ತಡ ನನಗೂ ಗೊತ್ತು. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ನಮ್ಮ ಭಾಗದ ಜಿಲ್ಲೆಗಳು ಪಟ್ಟಿಯ ಬುಡದಲ್ಲೇ ಇರ್ತಾವೆ, ಬೈಗುಳ ತಿನ್ನೋರು ಮಾಸ್ತರರು. ಹಾಗಾಗಿ ಯಾವ ಪಾಠಕ್ಕೆ ಎಷ್ಟು ಅಂಕ ಅಂತ ಲೆಕ್ಕ ಹಾಕಿ, ದಿನಾ ಭಾರತದ ನಕ್ಷೆ ಬಿಡಿಸಿ ಬಿಡಿಸಿ ಮಕ್ಕಳನ್ನು ದಡ ಮುಟ್ಟಿಸ್ತಾರೆ.

ನನ್ನ ಅಕ್ಕನ ಮಗ ಹಂಗೇ ದಡ ಮುಟ್ಟಿದವನು. ಸಮಾಜದಲ್ಲಿ ನೂರಕ್ಕೆ ಎಂಬತ್ತಾರು. ಕಣ್ಣು ಮುಚ್ಚಿ ಭಾರತದ ನಕ್ಷೆ ಬಿಡಿಸ್ತಾನೆ. ಡಿಗ್ರಿ ಮುಗಿಸಿ ಒಂದು ನೌಕರಿಗೆ ಅರ್ಜಿ ಹಾಕುವಾಗ ಫೋನ್ ಮಾಡಿದ: "ಮಾಮಾ, ಇಲ್ಲಿ 371ಜೆ ಅಂತ ಕೇಳ್ತದೆ, ಏನು ಬರೀಲಿ?"

2012ರ ಕೊನೆಗೆ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿ. ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಕೊಟ್ಟ ವಿಧಿ. ಬೀದರ್‌ನಿಂದ ಬಳ್ಳಾರಿ, ವಿಜಯನಗರದವರೆಗೆ ಏಳು ಜಿಲ್ಲೆಗೆ ಅದು ಅನ್ವಯ. ಅದನ್ನು ಪಡೆಯಲು ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ತರಬೇಕು. ಅವನಿಗೆ ಇದ್ದದ್ದು ಎರಡೇ ದಿನ. ತಪ್ಪಿತು. ಪಾಠದಲ್ಲಿ ಓದಿದ್ದೆಯೋ ಇಲ್ಲವೋ ಅಂದರೆ "ನೆನಪಿಲ್ಲ, ಪ್ಯಾಕೇಜಿನಲ್ಲಿ ಇರಲಿಲ್ಲ" ಅಂದ.

ಮಸ್ಕಿಯ ಕಥೆಯೂ ಇದೇ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅಲ್ಲಿ ಒಂದು ಬಂಡೆ ಶಾಸನ ಕಂಡ. ದೇವಾನಾಂಪ್ರಿಯ ಅಂತ ಬರೆಸಿಕೊಂಡ ರಾಜ ಅಶೋಕನೇ ಅಂತ ಖಾತ್ರಿಯಾದದ್ದು ಆ ಬಂಡೆಯಿಂದ. ನಮ್ಮ ರಾಯಚೂರು ಸೀಮೆಯ ಬಂಡೆ! ನಮ್ಮ ಮಕ್ಕಳಿಗೆ ಅದು ಒಂದು ಅಂಕದ ಬಿಟ್ಟ ಸ್ಥಳ. ಪ್ರವಾಸದ ಬಸ್ಸು ಮಾತ್ರ ಮೈಸೂರಿಗೆ ಹೋಗ್ತದೆ. (ನಾನೂ ಮಸ್ಕಿ ನೋಡಿದ್ದು ಡಿಪ್ಲೊಮಾ ಮುಗಿದ ಮೇಲೆ, ಸುದ್ದಿಗೆ ಅಂತ.)

ಇನ್ನು ಪಠ್ಯಪುಸ್ತಕದ ಜಗಳ. 2022ರಲ್ಲಿ ಒಂದು ಸರ್ಕಾರ ಪಾಠ ಸೇರಿಸಿತು, ತೆಗೆಯಿತು. 2023ರಲ್ಲಿ ಇನ್ನೊಂದು ಸರ್ಕಾರ ಬಂದು ಮತ್ತೆ ತೆಗೆಯಿತು, ಸೇರಿಸಿತು. ಎರಡು ಸಲವೂ ಸಾಹಿತಿಗಳು ಮಾತಾಡಿದರು, ಮಠಾಧೀಶರು ಮಾತಾಡಿದರು, ಎಲ್ಲ ಪಕ್ಷದವರೂ ಟಿವಿಯಲ್ಲಿ ಕೂಗಿದರು. ಆ ಪುಸ್ತಕ ಹಿಡಿದು ಕ್ಲಾಸಿಗೆ ಹೋಗುವ ನಮ್ಮ ಜಿಲ್ಲೆಯ ಸಂಘದಿಂದ ಒಂದು ಪತ್ರಿಕಾ ಹೇಳಿಕೆಯೂ ನನಗೆ ಬರಲಿಲ್ಲ. ಬಂದಿದ್ದರೆ ನಾನೇ ಹಾಕಿಸ್ತಿದ್ದೆ.

"ನಾವು ಸರ್ಕಾರಿ ನೌಕರರು, ನಡತೆ ನಿಯಮ ಇದೆ" ಅಂತಾರೆ. ಸರಿ, ಒಬ್ಬ ಮಾಸ್ತರ್ ಮಾತಾಡಿದರೆ ನೋಟಿಸ್ ಬರಬಹುದು. ಅದಕ್ಕೇ ಅಲ್ಲವೇ ಸಂಘ ಇರೋದು? ಯಾವ ಪಕ್ಷದ ಪರವೂ ನಿಲ್ಲಬೇಡಿ. ಪಾಠ ಬದಲಿಸುವ ಮೊದಲು ಅದನ್ನು ಕಲಿಸೋರನ್ನು ಕೇಳಿ, ವರ್ಷದ ನಡುವೆ ಬದಲಿಸಬೇಡಿ ಅನ್ನಿ. "ಅಣ್ಣನ ಪುಸ್ತಕದಲ್ಲಿದ್ದ ಪಾಠ ನಂದರಲ್ಲಿ ಯಾಕಿಲ್ಲ ಸರ್?" ಅಂತ ಹುಡುಗಿ ಕೇಳಿದಾಗ ಉತ್ತರ ಹೇಳಿದ ಮಾಸ್ತರಿಗೆ ತೊಂದರೆ ಬಂದರೆ ಸಂಘ ಬೆನ್ನಿಗಿರ್ತದೆ ಅಂತ ಆ ಹಾಳೆಯಲ್ಲಿ ಬರೀರಿ. ನಿವೇಶನಕ್ಕಿಂತ ಮೇಲೆ ಬರೀರಿ.

ಅತಿಥಿ ಶಿಕ್ಷಕರ ಮಾತಂತೂ ಆ ಹಾಳೆಯಲ್ಲಿ ಇಲ್ಲವೇ ಇಲ್ಲ. ನಾನು ತಿರುಗುವ ಹಳ್ಳಿಗಳಲ್ಲಿ ಎಷ್ಟೋ ಕಡೆ ಸಮಾಜ ಕಲಿಸೋರು ಅವರೇ. ಸದಸ್ಯತ್ವ ಮಾತ್ರ ಕಾಯಂ ನೌಕರರಿಗೆ. ಸಭೆಯ ದಿನ ಖುರ್ಚಿ ಹಾಕಿದವರಲ್ಲಿ ಇಬ್ಬರು ಅತಿಥಿ ಶಿಕ್ಷಕರಿದ್ದರು.

ದೊಡ್ಡ ಖರ್ಚಿನ ಗುರಿ ನಾನು ಕೇಳ್ತಿಲ್ಲ. ಪ್ರತಿ ವರ್ಷ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಮಾಡಬೇಕು ಅಂತ ಸರ್ಕಾರದ್ದೇ ಆದೇಶ ಇದೆ. ನಾನು ನೋಡಿದ ಹೆಚ್ಚಿನವು ಫೋಟೋ, ಬಿಸ್ಕತ್ತು, ಮುಗೀತು. ಒಂದೇ ಒಂದು ಕಡೆ, ಒಬ್ಬ ಮೇಡಂ ಒಂದು ವಾರ ಮೊದಲೇ ಪೌರನೀತಿ ಪಾಠವನ್ನು ಊರಿನ ಲೆಕ್ಕಕ್ಕೆ ತಿರುಗಿಸಿದ್ದರು. ಎಂಟನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಹೋದ ವರ್ಷ ಬರೆಸಿದ ನಮ್ಮ ಶೌಚಾಲಯದ ನೀರಿನ ಅರ್ಜಿ ಏನಾಯ್ತು ಅಂತ ಕೇಳಿದಳು. ಪಿಡಿಒ ಕಡತ ತರಿಸಿದರು. ಮೂರು ವಾರಕ್ಕೆ ಪೈಪು ಬಂತು. ಆ ಮೇಡಂ ಮಾಡಿದ್ದನ್ನು ಜಿಲ್ಲೆಯ ಉಳಿದ ಮಾಸ್ತರರಿಗೆ ತೋರಿಸುವ ಕೆಲಸ ಸಂಘದ್ದಲ್ಲದೆ ಇನ್ಯಾರದ್ದು?

ಕರಡು ಇನ್ನೂ ಪಾಸಾಗಿಲ್ಲ. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕ್ತಾರಂತೆ. ನಿಮ್ಮೂರ ಸಮಾಜ ಮಾಸ್ತರರ ನಂಬರ್ ಇದ್ದರೆ ಇದನ್ನು ಅವರಿಗೆ ಕಳಿಸಿ. ಬೈದರೆ ನನಗೇ ಬೈಯಲಿ. ಸಭೆಗೆ ಈ ಸಲವೂ ಹೋಗ್ತೀನಿ, ಊಟಕ್ಕೆ ಮೊದಲೇ ಎದ್ದು ಕೇಳ್ತೀನಿ.