ಬಂದೂಕಿನ ಪಾಠ ಮತ್ತು ಪ್ರಮಾಣಪತ್ರ

ಹೈಸ್ಕೂಲು ಮಾಸ್ತರನಿಗೆ ಬಂದೂಕಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಬಂದೂಕಿನ ವಿಷಯದಲ್ಲಿ ನನ್ನ ತಿಳಿವಳಿಕೆ ಅಲ್ಪ. ಆದರೆ ಪಾಠ, ಪರೀಕ್ಷೆ, ಪ್ರಮಾಣಪತ್ರ ಎಂಬ ಮೂರರ ನಡುವೆಯೇ ಆಯುಷ್ಯ ಸವೆಸಿದವನು ನಾನು. ಪಾಠವಿಲ್ಲದೆ ಪ್ರಮಾಣಪತ್ರ ಹುಟ್ಟಿದರೆ ಅದರ ವಾಸನೆ ನನಗೆ ದೂರದಿಂದಲೇ ಬಡಿಯುತ್ತದೆ.

ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಬಂದೂಕಿನ ಪರವಾನಿಗೆಗೆಂದು ತರಬೇತಿ ಪಡೆದು ಬಂದರು. ಇಬ್ಬರೂ ರೈತರು. ಗೋವಿನಜೋಳದ ಹೊಲಕ್ಕೆ ಹಂದಿಗಳ ಕಾಟ ಎಂಬುದು ಇಬ್ಬರ ಕಾರಣ. ಒಬ್ಬನು ಹತ್ತು ದಿನ ಬೆಳಗಿನ ಜಾವ ಎದ್ದು ಪೊಲೀಸರು ನಡೆಸಿದ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದನು. ಅಲ್ಲಿ ಮೊದಲ ನಾಲ್ಕು ದಿನ ಗುಂಡನ್ನೇ ಕಣ್ಣಿಗೆ ತೋರಿಸಲಿಲ್ಲವಂತೆ. ಬಿಚ್ಚುವುದು, ಒರೆಸುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ನಳಿಗೆಯನ್ನು ಪಕ್ಕದವನ ಕಡೆಗೆ ತಿರುಗಿಸಿದವನನ್ನು ಹವಾಲ್ದಾರರು ಸಾಲಿನಿಂದ ಹೊರಗೆ ನಿಲ್ಲಿಸಿದರಂತೆ. ಇನ್ನೊಬ್ಬನು ಬೇರೊಂದು ಕಡೆ ಹೋಗಿದ್ದನು. ಅವನ ಮಾತನ್ನು ಅವನ ಬಾಯಲ್ಲೇ ಕೇಳಿರಿ: “ಎರಡ ತಾಸಿನ ಕೆಲಸ ರೀ ಸರ್. ಭಾಷಣಾ ಮಾಡಿದ್ರು, ಸಹಿ ಹಾಕಿಸಿಕೊಂಡ್ರು, ಫೋಟೋ ತಗದ್ರು, ಚಾ ಕೊಟ್ರು.” ಒಂದಾದರೂ ಗುಂಡು ಹಾರಿಸಿದೆಯೇನಪ್ಪಾ ಎಂದು ಕೇಳಿದೆ. “ಹಿಡದು ನೋಡೇನ್ರಿ” ಎಂದನು.

ಇಬ್ಬರ ಪ್ರಮಾಣಪತ್ರಗಳನ್ನೂ ನಾನು ನೋಡಿದೆ. ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಒಕ್ಕಣೆ ಎರಡರಲ್ಲೂ ಇತ್ತು. ಎಷ್ಟು ತಾಸು, ಎಷ್ಟು ಗುಂಡು, ಯಾರು ಪರೀಕ್ಷಿಸಿದರು ಎಂಬುದು ಎರಡರಲ್ಲೂ ಇರಲಿಲ್ಲ. ಮೇಜಿನ ಮುಂದೆ ಕುಳಿತ ಗುಮಾಸ್ತನಿಗೆ ಹತ್ತು ದಿನದವನೂ ಎರಡು ತಾಸಿನವನೂ ಒಂದೇ. ನನ್ನ ತಕರಾರು ಇಷ್ಟೇ.

ಕಾನೂನಿನಲ್ಲಿ ಕೊರತೆಯಿಲ್ಲವೆಂದಲ್ಲ, ಆದರೆ ಕಾನೂನು ಕಣ್ಣುಮುಚ್ಚಿಯೂ ಕುಳಿತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿ 2016ರಲ್ಲಿ ಹೊಸ ನಿಯಮಗಳು ಬಂದವು. 1962ರ ಹಳೆಯ ನಿಯಮಗಳು ಆಗ ರದ್ದಾದವು. ಹೊಸ ನಿಯಮಗಳು ಅರ್ಜಿದಾರನಿಗೆ ಸುರಕ್ಷತೆಯ ತರಬೇತಿಯನ್ನು ಕಡ್ಡಾಯ ಮಾಡಿದವು. ಆಯುಧವನ್ನು ಭದ್ರವಾಗಿ ಇಡುವುದು, ಸಾಗಿಸುವುದು, ಹಾರಿಸುವುದು, ಜೋಪಾನ ಮಾಡುವುದು ಎಲ್ಲವೂ ಅದರಲ್ಲಿ ಸೇರಿವೆ. ಭದ್ರವಾಗಿಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಪಿಸ್ತೂಲನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದಾದರೆ ಚೀಲದಲ್ಲಿಯೋ ಒರೆಯಲ್ಲಿಯೋ ಪರರ ಕಣ್ಣಿಗೆ ಬೀಳದಂತೆ ಮುಚ್ಚಿ ಒಯ್ಯಬೇಕು. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು, ಪರವಾನಿಗೆಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಅಂದರೆ ಸರಕಾರ ಬಂದೂಕನ್ನು ಎಣಿಸುತ್ತದೆ, ತೋಟಾಗಳನ್ನು ಎಣಿಸುತ್ತದೆ, ಪರವಾನಿಗೆಗೊಂದು ರಾಷ್ಟ್ರೀಯ ಸಂಖ್ಯೆ ಕೊಡುತ್ತದೆ, ಚುನಾವಣೆ ಬಂತೆಂದರೆ ಠಾಣೆಗೆ ತಂದೊಪ್ಪಿಸು ಎನ್ನುತ್ತದೆ. ಇಷ್ಟೆಲ್ಲ ಲೆಕ್ಕವಿಡುವ ವ್ಯವಸ್ಥೆಗೆ ಆ ಬಂದೂಕನ್ನು ಹಿಡಿಯುವ ಕೈ ಏನು ಕಲಿತಿದೆ ಎಂಬುದರ ಲೆಕ್ಕ ಮಾತ್ರ ಬೇಡವಾಯಿತೇ?

ನಮ್ಮ ಸೀಮೆಗೆ ಈ ಪ್ರಶ್ನೆ ಹೆಚ್ಚು ಸಲ್ಲುತ್ತದೆ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡೆವೆಂದು ನಿಂತರು, ಅವರ ಊರನ್ನೇ ಸುಟ್ಟರು. ಮರುವರ್ಷ ನರಗುಂದದ ಬಾಬಾಸಾಹೇಬನು ಬಂಡೆದ್ದನು. ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಸಾಹೇಬನು 1858ರ ಮೇ ತಿಂಗಳ ಕೊನೆಯ ಒಂದು ರಾತ್ರಿ ಹತನಾದದ್ದು ಇದೇ ನಮ್ಮ ಸುರೇಬಾನದಲ್ಲಿ. ತರಗತಿಯಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಎದೆಯುಬ್ಬಿಸಿ ಕೂರುತ್ತಿದ್ದಿರಿ, ನೆನಪಿದೆಯೇ? ಆ ಬಂಡಾಯ ಮುರಿದ ಮೇಲೆ ಆಯುಧ ನಮ್ಮ ಮನೆಗಳಿಂದ ಹೊರಟುಹೋಯಿತು. ಆಯುಧದೊಡನೆ ಅದನ್ನು ಹಿಡಿಯುವ ಶಿಸ್ತೂ ಹೋಯಿತು. ಕೊಡಗಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಿಗೆಯ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಅಲ್ಲಿಯ ಹುಡುಗನು ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಮಾಡುವುದನ್ನು ಎಳವೆಯಿಂದ ನೋಡುತ್ತಾನೆ, ಅಜ್ಜನಿಂದ ಗದರಿಸಿಕೊಳ್ಳುತ್ತಾನೆ. ನಮ್ಮ ಹುಡುಗನು ನೋಡಿರುವುದು ಸಿನೆಮಾ. ಮನೆಯಲ್ಲಿ ಕಲಿಸುವ ಅಜ್ಜನಿಲ್ಲದ ಕಡೆ ತರಬೇತಿ ಶಿಬಿರವೇ ಅಜ್ಜನಾಗಬೇಕು. ಎರಡು ತಾಸಿನಲ್ಲಿ ಯಾವ ಅಜ್ಜನೂ ಆಗಲಾರನು.

ಆ ಎರಡನೆಯ ವಿದ್ಯಾರ್ಥಿಯ ಮನೆಗೆ ಹೋಗಿದ್ದೆ. ಪರವಾನಿಗೆ ಬಂದಿತ್ತು, ಜೋಡುನಳಿಗೆಯೂ ಬಂದಿತ್ತು. ಅದು ಪಡಸಾಲೆಯ ಬಾಗಿಲ ಹಿಂದೆ, ಗೋಡೆಗೆ ಒರಗಿ ನಿಂತಿತ್ತು. ತೋಟಾಗಳ ಡಬ್ಬಿ ಮೇಲಿನ ಮಾಡದಲ್ಲಿ, ದೇವರ ಊದುಬತ್ತಿಯ ಪಕ್ಕದಲ್ಲಿ. ಕೆಳಗೆ ಅವನ ಎರಡು ಮಕ್ಕಳು ಗೋಲಿ ಆಡುತ್ತಿದ್ದವು. “ಖಾಲಿ ಐತ್ರಿ ಸರ್, ಹೆದರಬ್ಯಾಡ್ರಿ” ಎಂದನು. ಖಾಲಿ ಎಂದು ಹೇಗೆ ಗೊತ್ತು, ತೆರೆದು ನೋಡಿದೆಯಾ ಎಂದೆ. ನಕ್ಕನು. ಮೊದಲನೆಯವನಿಗೆ ಇದೇ ಪ್ರಶ್ನೆ ಹಾಕಿದ್ದರೆ ಅವನು ನಗುತ್ತಿರಲಿಲ್ಲ. ಖಾಲಿಯೆಂದು ಕಂಡದ್ದನ್ನೂ ತುಂಬಿದ್ದೆಂದೇ ತಿಳಿದು ಹಿಡಿಯಬೇಕು ಎಂಬುದು ಹವಾಲ್ದಾರರು ಮೊದಲ ದಿನವೇ ಅವನ ಕಿವಿಗೆ ಹಾಕಿದ ಪಾಠ. ಇವನು ದಡ್ಡನಲ್ಲ, ನನ್ನ ಕೈಯಲ್ಲಿ ಗಣಿತದಲ್ಲಿ ಚೆನ್ನಾಗಿ ಅಂಕ ಪಡೆದವನು. ಅವನಿಗೆ ಯಾರೂ ಹೇಳಿಕೊಡಲಿಲ್ಲ, ಅಷ್ಟೇ. ಹೇಳಿಕೊಟ್ಟೆವೆಂದು ಸಹಿ ಹಾಕಿದವರ ಮೇಲೆ ನನಗೆ ಸಿಟ್ಟು.

ಅಮೆರಿಕದಲ್ಲಿರುವ ನಮ್ಮ ಬಂಧುಗಳು ಇದನ್ನೋದಿ ಇಲ್ಲಿಯ ಕಥೆಯೂ ಅದೇ ಎನ್ನಬಹುದು. ಅಲ್ಲಿ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಒಯ್ಯಲು ಪರವಾನಿಗೆ ಕೊಡುವ ಪದ್ಧತಿ ರಾಜ್ಯಕ್ಕೊಂದು. ಇಲಿನಾಯ್ ರಾಜ್ಯದಲ್ಲಿ 16 ಗಂಟೆಗಳ ತರಬೇತಿ ಬೇಕು. ವರ್ಜೀನಿಯಾದಲ್ಲಿ 2020ರವರೆಗೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಪಾಠ ಮುಗಿಸಿದರೂ ನಡೆಯುತ್ತಿತ್ತು. 2021ರಿಂದ ಅದನ್ನು ನಿಲ್ಲಿಸಿದರು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಹೆಚ್ಚಿನವರಿಗೆ ಪರವಾನಿಗೆಯೇ ಬೇಕಿಲ್ಲ. ಅಲ್ಲಿ ಕಡೇಪಕ್ಷ ಯಾವ ರಾಜ್ಯದಲ್ಲಿ ಎಷ್ಟು ಎಂಬುದು ಕಾಗದದ ಮೇಲಿದೆ, ಜಗಳವಾಡಲು ಒಂದು ಅಂಕಿಯಿದೆ. ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು. ಆದರೆ ಎರಡು ಶಿಬಿರಗಳ ನಡುವೆ ಹತ್ತು ದಿನಕ್ಕೂ ಎರಡು ತಾಸಿಗೂ ಇರುವ ಅಂತರ.

ಈ ಮಾತೆತ್ತಿದಾಗ ಗೆಳೆಯರೊಬ್ಬರು, ಅಪರಾಧ ಮಾಡುವವನು ತರಬೇತಿ ಪಡೆದು ಮಾಡುತ್ತಾನೆಯೇ, ಅವನ ಹತ್ತಿರ ಇರುವುದು ಕಳ್ಳ ಪಿಸ್ತೂಲು ಎಂದರು. ನಿಜ. ಅದನ್ನು ಹಿಡಿಯುವುದು ಪೊಲೀಸರ ಕೆಲಸ. ಬಾಗಿಲ ಹಿಂದಿನ ಜೋಡುನಳಿಗೆಗೆ ಮಾತ್ರ ಸರಕಾರವೇ ಮೊಹರು ಒತ್ತಿದೆ. ಕಳ್ಳನ ಬಂದೂಕಿನ ನೆಪ ಹೇಳಿ ಮೊಹರಿನ ಬಂದೂಕನ್ನು ಸಡಿಲ ಬಿಡುವುದು ಯಾವ ನ್ಯಾಯ? ಇನ್ನೊಬ್ಬರು, ಬಡ ರೈತ ಹತ್ತು ದಿನ ಹೊಲ ಬಿಟ್ಟು ಹೇಗೆ ಬರಬೇಕು ಎಂದರು. ಈ ಮಾತಿಗೆ ತೂಕವಿದೆ. ಆದರೆ ಅದಕ್ಕೆ ಉತ್ತರ ಪಾಠವನ್ನು ಕತ್ತರಿಸುವುದಲ್ಲ. ಸುಗ್ಗಿ ಮುಗಿದ ಮೇಲೆ, ಬೆಳಗಿನ ಎರಡು ತಾಸಿನಂತೆ, ರಾಮದುರ್ಗದಲ್ಲಿಯೇ ಶಿಬಿರ ನಡೆಸಿರಿ. ಗುಂಡು ಹಾರಿಸುವ ಒಂದು ದಿನಕ್ಕೆ ಮಾತ್ರ ಬೆಳಗಾವಿಗೆ ಕರೆಯಿರಿ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹಳ್ಳಿಯ ಮಕ್ಕಳು ದೂರದಿಂದ ಬರಬೇಕಾಗುತ್ತದೆಂದು ನಾವು ಕೇಂದ್ರಗಳನ್ನು ಹೆಚ್ಚಿಸಿದೆವು, ಪರೀಕ್ಷೆಯನ್ನೇ ಕೈಬಿಡಲಿಲ್ಲ.

ಪಾಠ ಹೇಳಿದವನೇ ಪಾಸು ಮಾಡುವುದೂ ನಿಲ್ಲಬೇಕು. ನಮ್ಮ ಉತ್ತರಪತ್ರಿಕೆಗಳನ್ನು ಬೇರೆ ಊರಿಗೆ ಕಳಿಸುತ್ತಿದ್ದುದು ಮಾಸ್ತರರೆಲ್ಲ ಕಳ್ಳರೆಂದಲ್ಲ. ತನ್ನ ಹುಡುಗನನ್ನು ತಾನೇ ನಪಾಸು ಮಾಡುವುದು ಯಾರಿಗೂ ಕಷ್ಟ, ಶುಲ್ಕ ತೆಗೆದುಕೊಂಡವನಿಗಂತೂ ಇನ್ನೂ ಕಷ್ಟ. ಪ್ರಮಾಣಪತ್ರದಲ್ಲಿ ಮೂರು ಸಾಲು ಸೇರಲಿ: ಹಾಜರಾದ ತಾಸುಗಳು, ಹಾರಿಸಿದ ಗುಂಡುಗಳು, ಪರೀಕ್ಷಿಸಿದ ಬೇರೆ ಅಧಿಕಾರಿಯ ಹೆಸರು. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದವನಿಂದ ಜಿಲ್ಲಾಧಿಕಾರಿಗಳ ಕಚೇರಿ ಶುಲ್ಕದ ಜೊತೆಗೆ ಒಂದು ಬೆಳಗಿನ ಪರೀಕ್ಷೆಯನ್ನೂ ಕೇಳಲಿ.

ನಿಮ್ಮಲ್ಲಿ ಕಂದಾಯ ಮತ್ತು ಪೊಲೀಸ್ ಇಲಾಖೆಗಳಲ್ಲಿ ಇರುವವರು ಏಳೆಂಟು ಮಂದಿಯಾದರೂ ಇದನ್ನು ಓದುತ್ತೀರೆಂದು ಬಲ್ಲೆ. ಈ ಮೂರು ಸಾಲು ಸೇರಿಸಲು ಯಾರ ಸಹಿ ಬೇಕು, ಅರ್ಜಿ ಯಾರ ಹೆಸರಿಗೆ ಬರೆಯಬೇಕು ಎಂಬುದನ್ನು ತಿಳಿಸಿರಿ. ಬರೆಯುವ ಕೆಲಸ ನನ್ನದು. ಅಲ್ಲಿಯವರೆಗೆ, ಬಾಗಿಲ ಹಿಂದಿನ ಆ ಜೋಡುನಳಿಗೆ ಬೀಗವಿರುವ ಕಬ್ಬಿಣದ ಕಪಾಟಿಗೆ ಹೋಗಿದೆ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿವೆ, ಬೀಗದ ಕೈ ಅವನ ಹೆಂಡತಿಯ ಸೊಂಟದಲ್ಲಿದೆ. ಆ ವ್ಯವಸ್ಥೆ ಮಾಡಿಸಿದವನು ಮೊದಲನೆಯ ವಿದ್ಯಾರ್ಥಿ, ಹತ್ತು ದಿನ ಹೋಗಿಬಂದವನು.