ಎ.ಸಿ. ಹಾಕಿದರೆ ಎಂಜಿನ್ ಯಾಕೆ ಮುನಿಯುತ್ತದೆ?

ಬೇಸಿಗೆ ರಜೆ ಬಂತೆಂದರೆ ನಮ್ಮ ಅಗಸೂರಿನ ಹೆದ್ದಾರಿಗೆ ಪುರುಸೊತ್ತಿಲ್ಲ. ಘಟ್ಟದ ಮೇಲಿನವರು ಸಮುದ್ರ ನೋಡಲು ಕೆಳಗೆ ಇಳಿಯುತ್ತಾರೆ, ಕೆಳಗಿನವರು ಇಷಾಡು ಮಾವಿನಹಣ್ಣಿನ ಪೆಟ್ಟಿಗೆ ಹೇರಿಕೊಂಡು ಹುಬ್ಬಳ್ಳಿಯ ನೆಂಟರ ಮನೆಗೆ ಹತ್ತುತ್ತಾರೆ. ಸುಂಕಸಾಳ, ರಾಮನಗುಳಿ, ಗುಳ್ಳಾಪುರದವರೆಗೆ ಎಲ್ಲ ಸರಿ. ಮುಂದೆ ಅರಬೈಲ್ ಘಟ್ಟ. ಅಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರು, ಪಕ್ಕದಲ್ಲಿ ಬಾಟಲಿ ನೀರು ಹಿಡಿದು ನಿಂತ ಅಪ್ಪ, ಮರದ ನೆರಳಿನಲ್ಲಿ ಅಳುವ ಮಗುವನ್ನು ಸಮಾಧಾನ ಮಾಡುವ ಅಮ್ಮ: ಏಪ್ರಿಲ್, ಮೇ ತಿಂಗಳಲ್ಲಿ ಇದು ಮಾಮೂಲು ನೋಟ. ಏನಾಯಿತೆಂದು ಕೇಳಿದರೆ ಹತ್ತರಲ್ಲಿ ಏಳು ಮಂದಿ, “ಎ.ಸಿ. ಹಾಕಿದ್ದೆವು, ಎಂಜಿನ್ ಬಿಸಿಯಾಯಿತು” ಎನ್ನುತ್ತಾರೆ.

ಮಕ್ಕಳೇ, ಮನೆಯ ಎ.ಸಿ.ಗೆ ಕರೆಂಟ್ ಬೇಕು, ತಿಂಗಳ ಕೊನೆಗೆ ಬಿಲ್ಲು ಬರುತ್ತದೆ. ಪೆಟ್ರೋಲ್, ಡೀಸೆಲ್ ಕಾರಿನ ಎ.ಸಿ.ಯ ಖರ್ಚನ್ನು ಎಂಜಿನ್ನೇ ಹೊರಬೇಕು. ಎಂಜಿನ್ ಪಕ್ಕದಲ್ಲಿ ಕಂಪ್ರೆಸರ್ ಎಂಬ ಪಂಪು ಇರುತ್ತದೆ. ಎಂಜಿನ್ ತಿರುಗಿದಂತೆ ರಬ್ಬರ್ ಬೆಲ್ಟ್ ಅದನ್ನೂ ತಿರುಗಿಸುತ್ತದೆ. ನೀವು ಎ.ಸಿ. ಗುಂಡಿ ಒತ್ತಿದಾಗ ‘ಟಕ್’ ಎಂದು ಸಣ್ಣ ಸದ್ದು ಕೇಳುತ್ತದಲ್ಲ, ಹೆಚ್ಚಿನ ಕಾರುಗಳಲ್ಲಿ ಅದು ಅಯಸ್ಕಾಂತದ ಕ್ಲಚ್ಚು ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸಿದ ಸದ್ದು. ಆ ಕ್ಷಣದಿಂದ ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಚಕ್ರಕ್ಕೆ ಹೋಗದೆ ತಂಪಿಗೆ ಹೋಗುತ್ತದೆ. ಸಣ್ಣ ಎಂಜಿನ್ನಿನ ಕಾರು, ಒಳಗೆ ಐದು ಜನ, ಮೇಲೆ ಮಾವಿನ ಪೆಟ್ಟಿಗೆ, ಎದುರಿಗೆ ಘಟ್ಟ ಎಂದರೆ ಕಾರು ಸ್ವಲ್ಪ ಮಂದವಾಗುವುದು ರೋಗವಲ್ಲ, ಅದರ ಸಂಬಳವೇ ಅಷ್ಟು.

ಈ ಕ್ಲಚ್ಚನ್ನು ಕಡೆಗಣಿಸಬೇಡಿ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1939ರಲ್ಲಿ ಮೊದಲ ಬಾರಿಗೆ ಎ.ಸಿ. ಇರುವ ಕಾರನ್ನು ಪ್ರದರ್ಶನಕ್ಕಿಟ್ಟಾಗ ಅದಕ್ಕೆ ಇಂಥ ಕ್ಲಚ್ಚು ಇರಲಿಲ್ಲ. ತಂಪು ಸಾಕು ಎನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ತೆಗೆದು ಬೆಲ್ಟನ್ನೇ ಕಳಚಬೇಕಿತ್ತು! ಯಂತ್ರ ಡಿಕ್ಕಿಯಲ್ಲಿ ಬೇಕಾದಷ್ಟು ಜಾಗ ತಿನ್ನುತ್ತಿತ್ತು. ಒಂದೆರಡು ವರ್ಷದಲ್ಲೇ ಆ ವ್ಯಾಪಾರ ನಿಂತುಹೋಯಿತು.

ಇನ್ನು ತಂಪು ಬರುವ ಬಗೆ. ಇಂಜೆಕ್ಷನ್ ಕೊಡುವ ಮೊದಲು ಹತ್ತಿಯಲ್ಲಿ ಸ್ಪಿರಿಟ್ ಒರೆಸಿದಾಗ ತೋಳು ತಣ್ಣಗಾಗುತ್ತದೆ. ದ್ರವ ಆವಿಯಾಗುವಾಗ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾರಿನ ಒಳಗಡೆಯ ಸುರುಳಿಯಲ್ಲಿ ಗ್ಯಾಸು ಇದೇ ಕೆಲಸ ಮಾಡುತ್ತದೆ. ಆದರೆ ಹೀರಿದ ಬಿಸಿಯನ್ನು ಎಲ್ಲಾದರೂ ಚೆಲ್ಲಬೇಕಲ್ಲ? ಕಂಪ್ರೆಸರ್ ಅದನ್ನು ಒತ್ತಿ ಕಾರಿನ ಮೂತಿಯಲ್ಲಿರುವ ಕಂಡೆನ್ಸರ್ ಎಂಬ ಜಾಲರಿಗೆ ಕಳಿಸುತ್ತದೆ. ಬಿಸಿ ಅಲ್ಲಿ ಗಾಳಿಗೆ ಹೋಗುತ್ತದೆ. ನಮ್ಮ ಕಥೆಯ ಗಂಟು ಇಲ್ಲಿದೆ: ಕಂಡೆನ್ಸರಿನ ಹಿಂದೆಯೇ, ಬೆರಳು ತೂರುವಷ್ಟು ಜಾಗವೂ ಇಲ್ಲದಂತೆ, ಎಂಜಿನ್ ತಣಿಸುವ ರೇಡಿಯೇಟರ್ ಕೂತಿರುತ್ತದೆ. ಕಂಡೆನ್ಸರ್ ದಾಟಿ ಬಿಸಿಯಾದ ಗಾಳಿಯೇ ರೇಡಿಯೇಟರಿಗೆ ಸಿಗುವುದು. ಎರಡಕ್ಕೂ ಸಾಮಾನ್ಯವಾಗಿ ಒಂದೇ ಫ್ಯಾನು. ಹೀಗಾಗಿ ಎ.ಸಿ.ಯ ಕಡೆ ಕೆಟ್ಟದ್ದು ಎಂಜಿನ್ನಿಗೆ ತಟ್ಟುತ್ತದೆ, ಎಂಜಿನ್ ಕಡೆ ಕೆಟ್ಟದ್ದು ಮೊದಲು ಎ.ಸಿ.ಯಲ್ಲಿ ಕಾಣುತ್ತದೆ.

ಕಳೆದ ಮೇ ತಿಂಗಳಲ್ಲಿ ನಮ್ಮ ಕೇರಿಯ ಮಾಸ್ತರರು, ನನ್ನಂತೆಯೇ ಪಿಂಚಣಿಯವರು, ಒಂದು ಕಾಗದ ಹಿಡಿದು ಬಂದರು. ಹಿಂದಿನ ವಾರ ಅವರ ಮಗ ಸಂಸಾರ ಸಮೇತ ಹುಬ್ಬಳ್ಳಿಗೆ ಹೊರಟವನು ಅರಬೈಲ್ ಘಟ್ಟದಿಂದ ತಿರುಗಿ ಬಂದಿದ್ದ. ಗ್ಯಾರೇಜಿನಲ್ಲಿ ಕಾರನ್ನು ನೋಡಿ ಅಂದಾಜು ಪಟ್ಟಿ ಕೊಟ್ಟಿದ್ದರು: ಕಂಪ್ರೆಸರ್ ಬದಲು, ಹೆಡ್ ಗ್ಯಾಸ್ಕೆಟ್ ಬದಲು, ಕೂಲಿ ಸೇರಿ ನಲವತ್ತೆರಡು ಸಾವಿರ. ಮೊಮ್ಮಗಳ ಪಿ.ಯು. ಕಾಲೇಜಿನ ಫೀಸಿಗೆಂದು ಇಟ್ಟ ಠೇವಣಿ ಬಿಟ್ಟರೆ ಮನೆಯಲ್ಲಿ ಬೇರೆ ಹಣವಿರಲಿಲ್ಲ. “ಮಾರಾಯ, ಅವಧಿಗೆ ಮೊದಲೇ ಠೇವಣಿ ಮುರಿದರೆ ಬಡ್ಡಿ ಎಷ್ಟು ಹೋಗ್ತದೆ, ಲೆಕ್ಕ ಹಾಕಿ ಹೇಳು” ಎಂದರು. ಬಡ್ಡಿಯ ಲೆಕ್ಕ ಆಮೇಲೆ ಮಾಡೋಣ, ಮೊದಲು ಕಾರಿನ ಲೆಕ್ಕ ನೋಡೋಣ ಎಂದೆ.

ನಾನು ಮೆಕ್ಯಾನಿಕ್ ಅಲ್ಲ, ಓದಿದ್ದು ಬಿ.ಕಾಂ. ಆದರೆ ಕಂಪ್ಯೂಟರ್ ಬರುವ ಮೊದಲಿನ ಬ್ಯಾಂಕಿನಲ್ಲಿ ಸಂಜೆ ಲೆಡ್ಜರ್ ತಾಳೆಯಾಗದಿದ್ದರೆ ಇಡೀ ಪುಸ್ತಕ ಮತ್ತೆ ಕೂಡುತ್ತಿರಲಿಲ್ಲ. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ ಯಾರೋ 63ನ್ನು 36 ಎಂದು ಅದಲುಬದಲು ಬರೆದಿರಬಹುದು ಎಂದು ಗುಮಾನಿ, ಮೊದಲು ಅದನ್ನೇ ಹುಡುಕುವುದು. ತಪ್ಪು ಎಂಥದ್ದು ಎಂದು ಗೊತ್ತಾದರೆ ಹುಡುಕುವ ಜಾಗ ಸಣ್ಣದಾಗುತ್ತದೆ. ಕಾರಿಗೂ ಅದೇ.

ಮಾಸ್ತರರ ಮಗನನ್ನು ಕೇಳಿದೆ. ಬಯಲು ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಎ.ಸಿ. ತಂಪಿತ್ತೇ? ಚೆನ್ನಾಗಿತ್ತು. ಹಾಗಾದರೆ ಕಂಪ್ರೆಸರ್ ಸತ್ತಿಲ್ಲ. ಘಟ್ಟದಲ್ಲಿ ಮೊದಲು ಏನಾಯಿತು? “ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಹೋಗ್ತಾ ಇದ್ದೆವು. ಮೊದಲು ಎ.ಸಿ.ಯಿಂದ ಬಿಸಿ ಗಾಳಿ ಬಂತು. ಐದು ನಿಮಿಷ ಬಿಟ್ಟು ಮುಳ್ಳು ಮೇಲೇರಿತು.” ಈ ಕ್ರಮವೇ ಮುಖ್ಯ. ವೇಗವಿದ್ದಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಲಾರಿಯ ಹಿಂದೆ ತೆವಳುವಾಗ ಗಾಳಿ ಇಲ್ಲ, ಎಂಜಿನ್ ಮಾತ್ರ ದುಡಿಯುತ್ತಿರುತ್ತದೆ. ಆಗ ಫ್ಯಾನು ತಿರುಗದಿದ್ದರೆ ಕಂಡೆನ್ಸರಿನಲ್ಲಿ ಗ್ಯಾಸಿನ ಒತ್ತಡ ಏರಿ, ಕಾಯುವ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ. ಅದೇ ಬಿಸಿ ಗಾಳಿ. ಆಮೇಲೆ ರೇಡಿಯೇಟರಿನ ಸರದಿ.

ಗ್ಯಾಸ್ಕೆಟ್ ಹೋಗಿದ್ದರೆ? ಅದನ್ನೂ ನೋಡಬೇಕು. ಕೂಲೆಂಟ್ ಡಬ್ಬಿಯ ಮಟ್ಟ ಮೂರು ದಿನದಿಂದ ಇಳಿದಿರಲಿಲ್ಲ. ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತೆ ಆಗಿರಲಿಲ್ಲ. ಹೊಗೆಕೊಳವೆಯಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಿರಲಿಲ್ಲ. ಇದರಿಂದ ಪೂರ್ತಿ ಖಾತ್ರಿಯಾಗದು, ಆದರೂ ಠೇವಣಿ ಮುರಿಯುವ ಮೊದಲು ಎರಡು ದಿನ ತಡೆಯಲು ಇಷ್ಟು ಸಾಕು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಾರು ಚಾಲು ಮಾಡಿ, ಎ.ಸಿ. ಹಾಕಿ, ಬಾನೆಟ್ ಎತ್ತಿದೆವು. ಮೊಮ್ಮಗಳನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸಿದೆ. ಆ ಫ್ಯಾನು ಯಾವಾಗ ಬೇಕಾದರೂ ತಿರುಗಲು ಹೊರಡಬಹುದು, ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ. ಜಡೆ, ದುಪಟ್ಟಾ, ಸೆರಗು, ಬೆರಳು ಯಾವುದೂ ಹತ್ತಿರ ಹೋಗಬಾರದು. ಹುಡುಗಿಯ ಕಿವಿ ನಮ್ಮೆಲ್ಲರಿಗಿಂತ ಚುರುಕು. “ಬ್ಯಾಂಕಜ್ಜ, ಟಕ್ ಅಂತು. ಆದರೆ ಫ್ಯಾನಿನ ಸದ್ದೇ ಇಲ್ಲ” ಎಂದಳು. ಎ.ಸಿ. ಹಾಕಿದೊಡನೆ, ಇಲ್ಲವೇ ಸ್ವಲ್ಪ ಹೊತ್ತಿನಲ್ಲಿ, ಹೆಚ್ಚಿನ ಕಾರುಗಳಲ್ಲಿ ಫ್ಯಾನು ತಿರುಗಲೇಬೇಕು. ಐದು ನಿಮಿಷ ಕಾದೆವು. ತಿರುಗಲಿಲ್ಲ. ಆರಿಸಿದೆವು.

ಅಂಕೋಲೆಯ ಆಟೋ ಇಲೆಕ್ಟ್ರಿಷಿಯನ್ ಒಬ್ಬ ಹುಡುಗ ಬಂದು ಫ್ಯಾನಿನ ವಯರಿನ ಪ್ಲಗ್ಗು ಬಿಚ್ಚಿ ತೋರಿಸಿದ. ಒಳಗೆ ತಾಮ್ರದ ಕೊಡದಲ್ಲಿ ಹುಣಸೆಹಣ್ಣು ಕಾಣದೆ ವರ್ಷವಾದಂತೆ ಹಸಿರು ಕಿಲುಬು. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯ ಪ್ರಸಾದ. ಪ್ಲಗ್ಗು ಹೊಸದು, ಜೊತೆಗೆ ಒಂದು ರಿಲೇ, ಕೂಲಿ ಸೇರಿ ಒಂಬೈನೂರು ರೂಪಾಯಿ. ಫ್ಯಾನು ‘ಗುಂಯ್’ ಎಂದಾಗ ಮಾಸ್ತರರ ಮುಖ ನೋಡಬೇಕಿತ್ತು. ಗ್ಯಾಸ್ಕೆಟ್ಟಿನ ಅನುಮಾನ ಉಳಿಯಬಾರದೆಂದು ಬೇರೆ ಕಡೆ ಒತ್ತಡದ ಪರೀಕ್ಷೆಯನ್ನೂ ಮಾಡಿಸಿದರು. ಏನೂ ಆಗಿರಲಿಲ್ಲ. ಮಗ ಘಟ್ಟದಲ್ಲೇ ಹಟ ಮಾಡಿ ಹತ್ತಿಸದೆ ನಿಲ್ಲಿಸಿ, ತಣಿಸಿ ಕೆಳಗಿಳಿದದ್ದು ಗ್ಯಾಸ್ಕೆಟ್ ಉಳಿಸಿತ್ತು. ಮೊದಲಿನ ಗ್ಯಾರೇಜಿನವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಕಾರು ಅವರ ಬಳಿ ಹೋದಾಗ ಯಾರೂ ಬಿಸಿ ಗಾಳಿ ಮೊದಲು ಬಂತೋ, ಮುಳ್ಳು ಮೊದಲು ಏರಿತೋ ಎಂದು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಎಲ್ಲ ದೂರಿಗೂ ಫ್ಯಾನೇ ಕಾರಣವಲ್ಲ. ಕಾರು ನಿಂತಲ್ಲೇ ನಿಂತಿದ್ದಾಗ ಎ.ಸಿ. ಹಾಕಿದರೆ ನಡುಗುತ್ತದೆ, ಕೆಲವೊಮ್ಮೆ ಆರಿಹೋಗುತ್ತದೆ ಎಂದು ಕಾರವಾರದ ಓದುಗರೊಬ್ಬರು ಕೇಳಿದ್ದಾರೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನ ಆಸುಪಾಸು ತಿರುಗುತ್ತಿರುತ್ತದೆ. ಎ.ಸಿ.ಯ ಭಾರ ಬಿದ್ದಾಗ ಕಾರಿನ ಕಂಪ್ಯೂಟರ್ ಅದಕ್ಕೆ ಒಂದಿಷ್ಟು ಗಾಳಿ, ಇಂಧನ ಹೆಚ್ಚಿಗೆ ಕೊಟ್ಟು ಸಂಭಾಳಿಸಬೇಕು. ಗಾಳಿ ಹೋಗುವ ಥ್ರಾಟಲ್ ಬಾಯಲ್ಲಿ ಮಸಿ ಕಟ್ಟಿದ್ದರೆ ಅದಕ್ಕೆ ಸಾಧ್ಯವಾಗದು. ಹೆಚ್ಚಾಗಿ ಅದನ್ನು ಸ್ವಚ್ಛ ಮಾಡಿದರೆ ಮುಗಿಯಿತು. ಹಳೆಯ ಸ್ಪಾರ್ಕ್ ಪ್ಲಗ್ಗು, ಎಂಜಿನ್ ಕೂರುವ ರಬ್ಬರ್ ಹರಿದಿರುವುದೂ ಕಾರಣ ಇರಬಹುದು. ಎ.ಸಿ.ಗೆ ಕೈ ಹಾಕುವ ಮೊದಲು ಇವನ್ನು ನೋಡಿಸಿ.

ಎ.ಸಿ. ಹಾಕಿದಾಗ ‘ಕಿರ್‍ರ್’ ಎಂದು ಕಿರುಚಿದರೆ ಬೆಲ್ಟ್ ಸಡಿಲವಾಗಿದೆ ಅಥವಾ ಸವೆದಿದೆ. ಎ.ಸಿ. ಬಂದಾಗಲೂ ಗರಗರ ಸದ್ದು ಇದ್ದರೆ ಪುಲ್ಲಿಯ ಬೇರಿಂಗಿನ ಮೇಲೆ ಗುಮಾನಿ. ಇದನ್ನು ಮುಂದೂಡಬೇಡಿ. ಎಷ್ಟೋ ಕಾರುಗಳಲ್ಲಿ ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರಿಗೂ, ಕೆಲವದರಲ್ಲಿ ನೀರಿನ ಪಂಪಿಗೂ ಇದೇ ಬೆಲ್ಟು. ಕಂಪ್ರೆಸರ್ ಬಿಗಿಹಿಡಿದು ಬೆಲ್ಟ್ ತುಂಡಾದರೆ ತಂಪು ಹೋಗುವುದಷ್ಟೇ ಅಲ್ಲ, ಕಾರೇ ನಿಲ್ಲುತ್ತದೆ.

ಗ್ಯಾಸಿನ ವಿಷಯ ಒಂದು ಮಾತು. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಎಂಬ ಮಾತು ನಂಬಬೇಡಿ. ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಬೇಗ ಬೇಗ ಕಡಿಮೆಯಾಯಿತೆಂದರೆ ಸೋರುತ್ತಿದೆ, ಮೊದಲು ತೂತು ಹುಡುಕಬೇಕು. ಹೆಚ್ಚಿಗೆ ತುಂಬಿದರೆ ಒತ್ತಡ ಏರಿ ಎಂಜಿನ್ನಿಗೆ ಭಾರ ಹೆಚ್ಚುತ್ತದೆ. ಹಿಂದಿನ ಆರ್-12 ಗ್ಯಾಸು ಓಝೋನ್ ಪದರ ಹರಿಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಬಿಟ್ಟುಹೋಯಿತು. ಆಮೇಲೆ ಬಂದ ಆರ್-134ಎ ಓಝೋನ್ ತಂಟೆಗೆ ಹೋಗುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಗಟ್ಟಿಗ. ಸುಮ್ಮನೆ ಗಾಳಿಗೆ ಬಿಡುವ ವಸ್ತುವಲ್ಲ.

ಘಟ್ಟ ಹತ್ತುವಾಗ ಮುಳ್ಳು ಏರುತ್ತಿದ್ದರೆ ಎ.ಸಿ. ಬಂದು ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಮೇ ತಿಂಗಳಲ್ಲಿ ಹೀಟರೇ ಎಂದು ನಗಬೇಡಿ. ಹೀಟರ್ ಎಂದರೆ ಎಂಜಿನ್ನಿನ ಬಿಸಿಯನ್ನೇ ಒಳಗೆ ಎಳೆಯುವ ಸಣ್ಣ ರೇಡಿಯೇಟರ್, ಆಪತ್ತಿಗೆ ಒದಗುತ್ತದೆ. ಆದರೂ ಇಳಿಯದಿದ್ದರೆ ತಿರುವು ಬಿಟ್ಟು ಅಗಲವಿದ್ದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಕುಕ್ಕರ್ ಕೂಗುವಾಗ ಅಮ್ಮ ಮುಚ್ಚಳ ತೆಗೆಯುತ್ತಾರೆಯೇ? ಒಳಗಿನ ನೀರು ಒತ್ತಡದಲ್ಲಿ ನೂರು ಡಿಗ್ರಿಗೂ ಮೇಲಿರಬಹುದು, ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಮುಟ್ಟಿದರೆ ತಣ್ಣಗಿದೆ ಎನ್ನುವವರೆಗೆ ಕಾಯಿರಿ. ಹಣ್ಣಿನ ಪೆಟ್ಟಿಗೆ ಇದ್ದೇ ಇದೆ, ಎರಡು ಇಷಾಡು ತಿನ್ನಿ.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲು ಇಟ್ಟು ಎ.ಸಿ. ಹಾಕಿಕೊಂಡು ಯಾರೂ ಮಲಗಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಬಾಗಿಲು ಹಾಕಿದ ಕಾರಿನಲ್ಲಿ ಮಕ್ಕಳನ್ನು ಬಿಟ್ಟು “ಐದೇ ನಿಮಿಷ” ಎಂದು ಅಂಗಡಿಗೆ ಹೋಗುವುದೂ ಬೇಡ.

ಕೊನೆಯದಾಗಿ, ಕಾರು ನಿಲ್ಲಿಸಿದಾಗ ಕೆಳಗೆ ನೀರು ತೊಟ್ಟಿಕ್ಕುತ್ತದೆ, ಎಂಜಿನ್ ಸೋರುತ್ತಿದೆಯೇ ಎಂದು ಕುಮಟೆಯ ಆರನೇ ತರಗತಿಯ ಹುಡುಗನೊಬ್ಬ ಬರೆದಿದ್ದಾನೆ. ಒಂದು ಬಿಳಿ ಕಾಗದ ಕೆಳಗಿಡು ಮಗಾ. ಬಣ್ಣವಿಲ್ಲದ, ಜಿಡ್ಡಿಲ್ಲದ ನೀರಾದರೆ ಅದು ತಣ್ಣನೆಯ ಸುರುಳಿಗೆ ನಮ್ಮ ಊರ ಗಾಳಿಯ ತೇವ ಅಂಟಿ ಇಳಿದದ್ದು, ಒಳ್ಳೆಯ ಲಕ್ಷಣ. ಹಸಿರೋ ಕೆಂಪೋ ಬಣ್ಣವಿದ್ದು ಜಿಡ್ಡೆನಿಸಿದರೆ ಕೂಲೆಂಟ್, ಅಪ್ಪನಿಗೆ ಹೇಳು, ಅದು ವಿಷ, ನಾಯಿ ಬೆಕ್ಕು ನೆಕ್ಕದಂತೆ ತೊಳೆಸು. ಏನೂ ತೊಟ್ಟಿಕ್ಕದೆ ಕಾರಿನ ಒಳಗೆ ಅಮ್ಮನ ಕಾಲಡಿಯ ಮ್ಯಾಟು ಒದ್ದೆಯಾಗಿದ್ದರೆ ನೀರಿಳಿಯುವ ಕೊಳವೆ ಕಟ್ಟಿದೆ. ಅದರಲ್ಲಿ ಎಲೆ ಇದೆಯೋ ಇಲಿ ಗೂಡು ಕಟ್ಟಿದೆಯೋ ನೋಡಿ ನನಗೆ ಬರೆ.