ಹಳೆಯದೆಂದು ಷರಾ ಬರೆಯುವ ಮುನ್ನ

ಪೇಟೆಂಟ್ ವಿವಾದದ ಮಾತು ಬಂದೊಡನೆ ‘ಇದೇನು ಹೊಸದು, ಹಿಂದೆಯೇ ಇತ್ತಲ್ಲ’ ಎಂದು ಷರಾ ಬರೆದುಬಿಡುವುದು ಸುಲಭ. ನಮ್ಮ ಮಕ್ಕಳಲ್ಲಿ ಅನೇಕರು ಪ್ರೊಸೆಸರ್ ವಿನ್ಯಾಸದಲ್ಲೇ ತೊಡಗಿರುವ ಈ ಕಾಲದಲ್ಲಿ, ಆ ಷರಾ ಎಷ್ಟು ಅವಸರದ್ದೆಂಬುದನ್ನು ಅಮೆರಿಕದ ಒಂದು ಮೊಕದ್ದಮೆಯಿಂದ ತಿಳಿಯಬಹುದು.

ಮಿಪ್ಸ್ ಕಂಪನಿ 1986ರಲ್ಲಿ ಅರ್ಜಿ ಸಲ್ಲಿಸಿ 1989ರಲ್ಲಿ ಪೇಟೆಂಟೊಂದನ್ನು ಪಡೆಯಿತು. ನಾಲ್ಕು ಬೈಟುಗಳ ದತ್ತವೊಂದು ಮೆಮೊರಿಯಲ್ಲಿ ಎರಡು ಮನೆಗಳ ಗಡಿಯ ಮೇಲೆ ಕುಳಿತಿದೆ ಎನ್ನೋಣ. ಅದನ್ನು ತರಲು ಎರಡು ಆದೇಶಗಳ ಜೋಡಿ: ಒಂದು ಎಡಭಾಗವನ್ನು, ಇನ್ನೊಂದು ಬಲಭಾಗವನ್ನು ರಿಜಿಸ್ಟರಿನಲ್ಲಿ ಕೂಡಿಸುತ್ತದೆ. ಎಷ್ಟು ಬೈಟು ಎಂಬುದನ್ನು ವಿಳಾಸದ ಕೊನೆಯ ಎರಡು ಬಿಟ್‌ಗಳೇ ಹೇಳುತ್ತವೆ.

ಇದು ಹಳೆಯದೇ? 1970ರ ಐಬಿಎಂ ಸಿಸ್ಟಂ/370 ಯಂತ್ರವು ಗಡಿ ದಾಟಿದ ದತ್ತವನ್ನು ಒಂದೇ ಆದೇಶದಿಂದ ತರುತ್ತಿತ್ತು. ಉದ್ದೇಶ ಒಂದೇ, ಉಪಾಯ ಬೇರೆ. ಅದೇ ಯಂತ್ರದಲ್ಲಿ, ಆಯ್ದ ಬೈಟುಗಳನ್ನಷ್ಟೇ ರಿಜಿಸ್ಟರಿಗೆ ತುಂಬಿ ಉಳಿದವನ್ನು ಮುಟ್ಟದಿರುವ ಆದೇಶವೂ ಇತ್ತು. ಇದು ಬಹಳ ಹತ್ತಿರ ಬಂತು. ಆದರೆ ಅಲ್ಲಿ ಆಯ್ಕೆ ಮಾಡುವುದು ಆದೇಶದೊಳಗೇ ಬರೆದಿಟ್ಟ ಮಾಸ್ಕ್, ವಿಳಾಸವಲ್ಲ. ಆ ಅಂಶ ಕ್ಲೇಮಿನ ಭಾಗವೆಂದು ಓದಿದರೆ ಹಳೆಯ ಆದೇಶ ಅದನ್ನು ತಟ್ಟದು. ಕ್ಲೇಮಿನ ಪ್ರತಿಯೊಂದು ಅಂಶವೂ ಒಂದೇ ಪೂರ್ವದಾಖಲೆಯಲ್ಲಿ, ಅದೇ ಜೋಡಣೆಯಲ್ಲಿ ಸಿಕ್ಕಿದರೆ ಮಾತ್ರ ನವೀನತೆ ಬಿದ್ದಿತೆನ್ನಬೇಕು. ಎರಡು ದಾಖಲೆಗಳನ್ನು ಬೆರೆಸಿ ತೋರಿಸುವುದು, ನುರಿತವನಿಗೆ ಅದು ಸಹಜವಾಗಿ ಹೊಳೆಯುತ್ತಿತ್ತೇ ಎಂಬ ಬೇರೆಯೇ ಪ್ರಶ್ನೆ.

ಈ ಕಟ್ಟುನಿಟ್ಟು ಪೇಟೆಂಟಿನ ಒಡೆಯನಿಗೂ ಇರಬೇಕೆಂಬುದು ನನ್ನ ವಾದ. ಲೆಕ್ಸ್ರಾ ಎಂಬ ಸಣ್ಣ ಕಂಪನಿ ಈ ಆದೇಶಗಳನ್ನು ತನ್ನ ಯಂತ್ರಾಂಶದಿಂದಲೇ ಕೈಬಿಟ್ಟಿತ್ತು. ಅವು ಎದುರಾದಲ್ಲಿ ಸಾಮಾನ್ಯ ಆದೇಶಗಳ ತಂತ್ರಾಂಶದಿಂದ ಅದೇ ಫಲ ಪಡೆಯಬಹುದಿತ್ತು, ಅಷ್ಟೆ. ಅದೂ ಉಲ್ಲಂಘನೆಯೆಂದು ಮಿಪ್ಸ್ 1999ರಲ್ಲಿ ದಾವೆ ಹೂಡಿತು. ಕ್ಲೇಮು ಅಷ್ಟು ವಿಶಾಲವಾದರೆ, ಬೈಟುಗಳನ್ನು ಸರಿಸಿ ಕೂಡಿಸುತ್ತಿದ್ದ ಹಳೆಯ ಪ್ರೋಗ್ರಾಮುಗಳೂ ಅದರೊಳಗೆ ಬೀಳುವುವಲ್ಲವೆ? ಇಂದು ಮಾಡಿದರೆ ಉಲ್ಲಂಘನೆಯಾಗುವುದು ಅಂದೇ ನಡೆದಿದ್ದರೆ ನವೀನತೆಯನ್ನು ಕೆಡಿಸುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟು 1889ರಷ್ಟು ಹಿಂದೆಯೇ ಹೇಳಿದೆ. ದಾವೆಯಲ್ಲಿ ಹಿಗ್ಗಿಸಿದ ಕ್ಲೇಮನ್ನು ಪರೀಕ್ಷಕನ ಮುಂದೆ ಕುಗ್ಗಿಸಲು ಬಿಡಬಾರದು.

2001ರಲ್ಲಿ ರಾಜಿಯಾಯಿತು, ಲೆಕ್ಸ್ರಾ ತನ್ನ ಪ್ರೊಸೆಸರ್ ವಿನ್ಯಾಸಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಪೇಟೆಂಟಿನ ಅವಧಿ 2006ರಲ್ಲಿ ಮುಗಿಯಿತು. ಬರ್ಕ್ಲಿ ವಿಶ್ವವಿದ್ಯಾಲಯದವರು 2016ರಲ್ಲಿ ರಿಸ್ಕ್-ಫೈವ್ ಆದೇಶಗಳ ವಂಶಾವಳಿಯನ್ನೇ, ಯಾವುದು ಯಾವ ಹಳೆಯ ಯಂತ್ರದಲ್ಲಿತ್ತೆಂದು, ಬರೆದು ಪ್ರಕಟಿಸಿದರು. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರಿಗೂ ಆಧಾರ ಆ ಆದೇಶಗಳೇ.